ಕೊಳದಲ್ಲಿ ಬಿಟ್ಟ ಬಟ್ಟೆ

ದೇವರು ನೆಲೆಸಿದ ಊರುಗಳಿಗೆಲ್ಲ ಒಂದೇ ವಾಸನೆ. ನಿನ್ನೆಯ ಹೂವು, ಮೊನ್ನೆಯ ಎಣ್ಣೆ, ಬಾವಲಿಯ ಹಿಕ್ಕೆ, ಗೋಡೆಯ ಬುಡದ ಉಚ್ಚೆ. ಇವುಗಳ ಮೇಲೆ ಕರ್ಪೂರ ಹಚ್ಚಿದರೆ ಭಕ್ತಿ ಹುಟ್ಟುತ್ತದೆ. ಹಚ್ಚದಿದ್ದರೆ ಪುರಸಭೆಗೆ ಅರ್ಜಿ ಬರೆಯಬೇಕು ಅನ್ನಿಸುತ್ತದೆ. ಬೆನ್ನಿಗೆ ಚೀಲ ಏರಿಸಿಕೊಂಡು ಒಬ್ಬಳೇ ಬಸ್ಸು ಹಿಡಿದು ಹೊರಟ ಮೇಲೆ ನನಗೆ ಆದ ಜ್ಞಾನೋದಯ ಇಷ್ಟೇ.

ನಾನು ಪೂಂಗೋದೈ. ತಿರುಚ್ಚಿಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ ಹೋದ ವರ್ಷ ನಿವೃತ್ತಳಾದೆ. ಮದುವೆಯಾಗಲಿಲ್ಲ. ಉರೈಯೂರಿನಲ್ಲಿ ಅಣ್ಣನ ಮನೆಯ ಮಹಡಿಯ ಮೇಲೆ ನನ್ನದೊಂದು ಕೋಣೆ, ಎರಡು ಕಪಾಟು ಪುಸ್ತಕ. ಅಣ್ಣ ತಿಲ್ಲೈನಾಯಗಂ ಈಗಲೂ ನನ್ನನ್ನು ಎಳೆಮಗುವಿನ ಹಾಗೆ ‘ಪಾಪಾ’ ಎಂದೇ ಕರೆಯುತ್ತಾನೆ.

ನಮ್ಮ ಮನೆಯಲ್ಲಿ ತೀರ್ಥಯಾತ್ರೆ ಎಂದರೆ ಅಣ್ಣನ ಕಾರು. ಒಂಬತ್ತು ಗ್ರಹಗಳ ಒಂಬತ್ತು ಊರುಗಳನ್ನು ಒಂದೇ ಹಗಲಿನಲ್ಲಿ ಮುಗಿಸುವವನು ಅವನು. ಬೆಳಗಿನ ಪೊಂಗಲ್‌ಗೆ ಮುಂಚೆ ಸೂರ್ಯ, ಊಟದ ಹೊತ್ತಿಗೆ ರಾಹು, ಉಳಿದವರು ದಾರಿಯಲ್ಲಿ ಸಿಕ್ಕ ಹಾಗೆ. ಕಂಬದ ಮೇಲಿನ ಒಂದು ಕೆತ್ತನೆಯ ಮುಂದೆ ನಾನು ನಿಂತರೆ ಸಾಕು, ಗೋಪುರದ ಆಚೆಯಿಂದ ಹಾರನ್ ಕೇಳಿಸುತ್ತದೆ. ವರ್ಷಗಟ್ಟಲೆ ಆ ಹಾರನ್ ಕೇಳಿದ ಮೇಲೆ ಒಂದು ದಿನ ಊಟದ ಹೊತ್ತಿನಲ್ಲಿ, ಈ ಸಲ ನಾನೊಬ್ಬಳೇ ಬಸ್ಸಿನಲ್ಲಿ ಹೋಗುತ್ತೇನೆ, ಆಮೇಲೆ ಕಾರ್ತೀಕದಲ್ಲಿ ಉತ್ತರಕ್ಕೂ ಒಬ್ಬಳೇ ಹೋಗುತ್ತೇನೆ ಎಂದೆ.

“ಪಾಪಾ, ನಿನಗೆ ತಲೆ ಸರಿ ಇದ್ಯಾ? ಕಾರು ಷೆಡ್ಡಲ್ಲಿ ನಿಂತಿದೆ, ನೀನು ಬಸ್ಸಲ್ಲಿ ಮೇಕೆ ಜೊತೆ ಹೋಗ್ತೀನಿ ಅಂತೀಯ.”

“ಮೇಕೆ ವಾಸಿ ಅಣ್ಣಾ. ಹಾರನ್ ಹೊಡಿಯಲ್ಲ.”

“ಅದೂ ಬೆನ್ನ ಮೇಲೆ ಚೀಲ!” ಎಂದಳು ಅತ್ತಿಗೆ. “ಗ್ಯಾಸ್ ಸಿಲಿಂಡರ್ ಹೊತ್ಕೊಂಡು ಹೋಗೋನ ಥರ.”

ಅಣ್ಣ ಮಜ್ಜಿಗೆ ಅನ್ನ ಕಲಸಿ ಮುಗಿಸಿದ. “ಸರಿ, ಹೋಗು. ಒಂದು ಮಾತು. ದಾರೀಲಿ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡು, ‘ಅಣ್ಣಾ, ಬಾ’ ಅಂತ ಒಂದೇ ಒಂದು ಫೋನ್ ಮಾಡಿದ್ಯೋ, ಮುಗೀತು. ಆಮೇಲೆ ಕಾಶಿ ಕೇದಾರ ಅಂತ ಬಾಯಿ ಬಿಡೋ ಹಾಗಿಲ್ಲ. ಎಲ್ಲಿಗೇ ಹೋಗು, ನಾನು, ನಿನ್ನ ಅತ್ತಿಗೆ, ಕಾರು.”

“ಮಾಡದಿದ್ರೆ?”

“ಹಿಮಾಲಯಕ್ಕೇ ಹೋಗು ತಾಯಿ. ನಾನು ಕಮಕ್ ಕಿಮಕ್ ಅನ್ನಲ್ಲ.”

ಈ ವಯಸ್ಸಿನ ಹೆಂಗಸಿಗೆ ಅಣ್ಣನ ಅಪ್ಪಣೆ ಯಾಕೆ ಎಂದು ಕೇಳುವವರು ಅವನೊಡನೆ ಒಂದೇ ಸೂರಿನಡಿ ಬಾಳಿ ನೋಡಲಿ. ಅವನು ಬೈಯುವುದಿಲ್ಲ, ಊಟ ಬಿಡುತ್ತಾನೆ. ಆದರೆ ಕೊಟ್ಟ ಮಾತು ತಪ್ಪುವವನಲ್ಲ. ನಾನು ಒಪ್ಪಿಕೊಂಡೆ.

ಬಸ್ಸಿನ ಯಾತ್ರೆಯ ಸುಖವನ್ನು ಮೊದಲ ರಾತ್ರಿಯ ವಸತಿಗೃಹದಲ್ಲೇ ಅನುಭವಿಸಿದೆ. ಹಾಸಿಗೆಯ ಹೊದಿಕೆಯ ಮೇಲೆ ಹಿಂದಿನವರು ಬಿಟ್ಟುಹೋದ ವಿಭೂತಿ, ಕೂದಲು, ಮತ್ತು ಸಾಂಬಾರಿನದೇ ಇರಲಿ ಎಂದು ನಾನು ಹಾರೈಸಿದ ಒಂದು ಕಲೆ. ಬೆಳಿಗ್ಗೆ ಬಸ್ಸು ಹತ್ತಿದರೆ ಕಿಟಕಿಯ ಕೆಳಗೆ ಯಾರೋ ವಾಂತಿ ಮಾಡಿದ ಗೆರೆಗಳು, ಒಣಗಿ, ನದಿಗಳ ನಕಾಶೆಯ ಹಾಗೆ. ಗುಡಿಗಳಲ್ಲಿ, ಸಾವಿರ ವರ್ಷ ಕುಣಿಯುತ್ತಲೇ ನಿಂತ ಕಲ್ಲಿನ ಹೆಣ್ಣಿನ ಎದೆ ಮಾತ್ರ ಕಂಡವರ ಕೈಯ ಜಿಡ್ಡಿನಿಂದ ಫಳಫಳ ಹೊಳೆಯುತ್ತದೆ. ಅವಳ ಅಂಗೈಯಲ್ಲಿ ಭಕ್ತರು ಮಿಕ್ಕ ಕುಂಕುಮ ಸುರಿದಿರುತ್ತಾರೆ, ಕಾಲ ಬಳಿ ಯಾರೋ ತಿಂದು ಒರೆಸಿದ ಬಾಳೆ ಎಲೆ. ಕಂಬದ ಮೇಲೆ ಒಬ್ಬಾತ ತನ್ನ ಹೆಸರನ್ನೂ ಪ್ರೇಯಸಿಯ ಹೆಸರನ್ನೂ ಮೊಳೆಯಿಂದ ಗೀಚಿ, ಕೆಳಗೆ ಮೊಬೈಲ್ ನಂಬರನ್ನೂ ಕೊಟ್ಟಿದ್ದ. ಪ್ರೀತಿ ಮುರಿದು ಬಿದ್ದರೆ ಬೇರೆಯವರು ಸಂಪರ್ಕಿಸಲಿ ಎಂದಿರಬೇಕು.

ಆದರೂ ಹಾರನ್ ಇರಲಿಲ್ಲ. ಒಂದು ಕಂಬದ ಮುಂದೆ ನಾನು ಇಡೀ ಬೆಳಗು ಕೂತಿದ್ದೆ, ಸೆರಗಿಲ್ಲದ್ದರಿಂದ ಮೂಗಿಗೆ ದುಪಟ್ಟ ಮುಚ್ಚಿಕೊಂಡು.

ಕರುಮೇನಿಯೂರಿಗೆ ಹೋಗುವ ಬಸ್ಸಿನಲ್ಲಿ ರಾಜಮಾಣಿಕ್ಯಂ ಪರಿಚಯವಾದರು. ತೇನಿಯ ಕಡೆಯವರು, ಬೀಜ ಗೊಬ್ಬರದ ಅಂಗಡಿಯ ಯಜಮಾನರು. ಜೊತೆಗೆ ಹೆಂಡತಿ, ಅತ್ತೆ, ಮತ್ತು ಎಳ್ಳೆಣ್ಣೆಯ ಡಬ್ಬಿ. ಕರುಮೇನಿಯೂರು ಶನಿಯ ಊರು. ಏಳೂವರೆ ವರ್ಷದ ಕಾಟ ಹಿಡಿದವರು ಮೈಗೆ ಎಣ್ಣೆ ಬಳಿದು, ಅಲ್ಲಿನ ಕೊಳದಲ್ಲಿ ಮುಳುಗಿ, ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು, ಹಿಂದಿರುಗಿ ನೋಡದೆ ಬರಬೇಕು.

“ಜೊತೇಲಿ ಯಾರಮ್ಮಾ?” ಎಂದರು ರಾಜಮಾಣಿಕ್ಯಂ.

“ಯಾರೂ ಇಲ್ಲ.”

“ಅಂದ್ರೆ, ಅಲ್ಲಿಗೆ ಬರ್ತಾರಾ?”

“ಅಲ್ಲಿಗೂ ಯಾರೂ ಬರಲ್ಲ.”

ಅವರ ಅತ್ತೆ ಮುಂದಕ್ಕೆ ಬಾಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಪಾಪ, ಯಾರೂ ಇಲ್ವಂತೆ,” ಎಂದು ಮಗಳಿಗೆ ಹೇಳಿದರು. ಮಗಳು ನನಗೊಂದು ಮುರುಕ್ಕು ಕೊಟ್ಟಳು. ಅನಾಥೆಗೆ ಕೊಡುವ ಹಾಗೆ, ಎರಡೂ ಕೈಯಲ್ಲಿ.

ಶನಿಯ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಅವನ ಕೊಳದ ಬಗ್ಗೆ. ನೀರು ಬಟಾಣಿ ಬೇಯಿಸಿದ ತಿಳಿಯ ಬಣ್ಣ. ಮೇಲೆ ಎಣ್ಣೆಯ ಪದರ, ಪದರದ ಮೇಲೆ ಖಾಲಿ ಶಾಂಪೂ ಪೊಟ್ಟಣ, ಅದರ ಸುತ್ತ ನನ್ನ ಹಳೆಯ ವಿದ್ಯಾರ್ಥಿನಿಯರಿಗೆ ತೋರಿಸಬಹುದಾಗಿದ್ದಷ್ಟು ಸೊಳ್ಳೆಮರಿ. ಊದಿಕೊಂಡ ಪಂಚೆಗಳು, ರವಿಕೆಗಳು, ಒಳಚಡ್ಡಿಗಳು ತೇಲುತ್ತಿದ್ದವು. ಒಂದು ಲುಂಗಿಯ ಅಂಚನ್ನು ಜಿಲೇಬಿ ಮೀನುಗಳ ಹಿಂಡು ಶ್ರದ್ಧೆಯಿಂದ ಮೇಯುತ್ತಿತ್ತು. ಇದರೊಳಗೆ ಜನ ಮೂಗು ಹಿಡಿದು ಮುಳುಗಿ, ಎದ್ದು, ಬಾಯಿ ಮುಕ್ಕಳಿಸುತ್ತಿದ್ದರು. ಪಾಪ ಕಳೆಯುತ್ತದೋ ಇಲ್ಲವೋ, ಜಠರದ ಗತಿ ಮಾತ್ರ ನಾನು ಬರೆದುಕೊಡಬಲ್ಲೆ.

ನಾನು ಕೊಳಕ್ಕೆ ಇಳಿದದ್ದು ಮೀಯಲಿಕ್ಕಲ್ಲ. ಮೂಲೆಯ ಮೆಟ್ಟಿಲುಗಳ ಪಕ್ಕದ ಗೋಡೆಯಲ್ಲಿ, ನೀರಿನ ಮಟ್ಟಕ್ಕೆ ಸರಿಯಾಗಿ, ಗೇಣುದ್ದದ ಒಂದು ಕೆತ್ತನೆ ಇತ್ತು. ಹೆಂಗಸೊಬ್ಬಳು ಒದ್ದೆ ಕೂದಲು ಹಿಂಡುತ್ತಿದ್ದಾಳೆ, ತೊಟ್ಟಿಕ್ಕುವ ಹನಿಗೆ ಹಂಸವೊಂದು ಕೊಕ್ಕು ತೆರೆದಿದೆ. ಭುಜ ನೋಯುತ್ತಿತ್ತು. ಚೀಲವನ್ನು ಮೆಟ್ಟಿಲ ಮೇಲಿಟ್ಟು, ಹಂಸದ ಕೊಕ್ಕು ನೋಡಲು ಬಾಗಿದೆ. ಸಾವಿರಾರು ಜನರ ಮೈಯಿಂದ ಇಳಿದ ಎಳ್ಳೆಣ್ಣೆ ಆ ಮೆಟ್ಟಿಲಿನ ಮೇಲಿತ್ತು. ಕಾಲು ಜಾರಿದ್ದು ಗೊತ್ತಾಗುವಷ್ಟರಲ್ಲಿ ನಾನು ನೀರಿನಡಿ ಇದ್ದೆ, ಬಾಯಿ ತೆರೆದುಕೊಂಡು.

ರುಚಿಯ ಬಗ್ಗೆ ಹೇಳದಿರುವುದೇ ಒಳ್ಳೆಯದು. ಹಲಸಿನ ಬೀಜ ನೆನೆಹಾಕಿ ಮರೆತ ನೀರಿಗೆ ತಲೆ ಒರೆಸಿದ ಟವೆಲ್ಲು ಹಿಂಡಿದರೆ ಹತ್ತಿರ ಬರಬಹುದು.

ಮೇಲೆದ್ದಾಗ ತಲೆಯ ಮೇಲೆ ಯಾರದೋ ಬನೀನು ಇತ್ತು. ಜನ ಸೇರಿದ್ದರು.

“ಅಯ್ಯೋ, ಅಮ್ಮ ಬಿದ್ದುಬಿಟ್ರು!”

“ಬಿದ್ದದ್ದಲ್ಲ ಕಣ್ರೀ. ಶನಿದೇವ್ರೇ ಎಳ್ಕೊಂಡ್ರು. ಯಾರಿಗುಂಟು ಈ ಭಾಗ್ಯ?” ಇದು ರಾಜಮಾಣಿಕ್ಯಂ, ಮೈಯೆಲ್ಲ ಎಣ್ಣೆಯಾಗಿ, ಕರಿದಿಟ್ಟ ವಡೆಯ ಹಾಗೆ ಹೊಳೆಯುತ್ತಿದ್ದರು.

“ನಿಮ್ಮ ರಾಶಿ ಯಾವ್ದಮ್ಮಾ?” ಎಂದರು ಅವರ ಅತ್ತೆ.

“ಗೊತ್ತಿಲ್ಲ,” ಎಂದು ಉಗುಳಿದೆ.

“ಗೊತ್ತಿಲ್ದೋರನ್ನ ಹುಡುಕಿ ಹಿಡೀತಾನೆ ಅವನು. ಇನ್ನೆರಡು ಸಲ ಮುಳುಗಿಬಿಡಿ, ಲೆಕ್ಕ ಸರಿಹೋಗುತ್ತೆ.”

“ಮುಳುಗಿದ್ದಾಯ್ತಲ್ಲ, ಬಟ್ಟೆ ಬಿಟ್ಟುಬಿಡಿ,” ಎಂದಳು ರಾಜಮಾಣಿಕ್ಯಂ ಅವರ ಹೆಂಡತಿ. “ಉಟ್ಕೊಂಡು ವಾಪಸ್ ಹೋಗಬಾರದು ಅಕ್ಕಾ. ಮನೆಗೇ ಹಿಂಬಾಲಿಸ್ಕೊಂಡು ಬರ್ತಾನೆ.”

“ಬೇರೆ ಬಟ್ಟೆ ಚೀಲದಲ್ಲಿದೆ,” ಎನ್ನುತ್ತ ಮೆಟ್ಟಿಲ ಕಡೆ ತಿರುಗಿದೆ. ಚೀಲ ಇರಲಿಲ್ಲ.

ಕದ್ದಿರಲಿಲ್ಲ ಯಾರೂ. ಅದಕ್ಕಿಂತ ಕೆಟ್ಟದ್ದು ನಡೆದಿತ್ತು. ನೀರಿನ ಪಕ್ಕದ ಆ ಮೆಟ್ಟಿಲ ಮೇಲೆ ಇಟ್ಟದ್ದೆಲ್ಲ ಬಿಟ್ಟದ್ದು ಎಂದೇ ಲೆಕ್ಕ. ಬಿಟ್ಟ ಬಟ್ಟೆ ಎತ್ತುವ ಗುತ್ತಿಗೆದಾರನ ಕೆಲಸದ ಹೆಂಗಸು ಕೊಕ್ಕೆ ಹಿಡಿದು ಬಂದಿದ್ದಳಂತೆ. “ಇದು ಯಾರ್ದು?” ಎಂದು ಎರಡು ಸಲ ಕೂಗಿದಳಂತೆ. ನನ್ನದೆನ್ನಲು ನಾನು ಕಿವಿ ತುಂಬ ನೀರು ತುಂಬಿಕೊಂಡು ಜನರ ಗದ್ದಲದ ನಡುವೆ ಇದ್ದೆ; ಉಳಿದವರು ಯಾರದೋ ಶನಿಯನ್ನು ತಮ್ಮದೆನ್ನಲು ಹುಚ್ಚರೇ? ಅವಳು ಕೊಕ್ಕೆಯಿಂದ ಎತ್ತಿ, ಒದ್ದೆ ಬಟ್ಟೆಯ ಜೊತೆ ಗಾಡಿಗೆ ಹಾಕಿಕೊಂಡು ಹೋಗಿದ್ದಳು.

“ನೀವೂ ನೋಡಿದ್ರಲ್ಲ, ನನ್ನ ಚೀಲ ಅಂತ ನಿಮಗೆ ಗೊತ್ತಿತ್ತಲ್ಲ!” ಎಂದೆ ರಾಜಮಾಣಿಕ್ಯಂಗೆ.

“ಗೊತ್ತಿತ್ತು. ಆದ್ರೆ ನೀವೇ ಬಿಟ್ಟಿದ್ರೆ? ನಾನು ಬಾಯಿ ಹಾಕಿದ್ರೆ ನಿಮ್ಮ ಪರಿಹಾರ ಕೆಡುತ್ತಲ್ಲ. ಒಬ್ಬರ ಪುಣ್ಯಕ್ಕೆ ಅಡ್ಡ ಬರಬಾರದು.”

ನೀರಿನಿಂದ ಮೇಲೆ ಹತ್ತಿದೆ. ಚೂಡಿದಾರ ಮೈಗೆ ಅಂಟಿ, ತೋಳಿನಿಂದ ಪಾಚಿ ಇಳಿಯುತ್ತಿತ್ತು. ಎದುರು ಮಂಟಪದ ಕಟ್ಟೆಯ ಮೇಲೆ ಕೂತ ಗಂಡಸರು ವಿಭೂತಿ ಹಚ್ಚಿದ ಹಣೆಯ ಕೆಳಗಿನ ಕಣ್ಣುಗಳನ್ನು ಎಲ್ಲೂ ಕದಲಿಸದೆ ನನ್ನನ್ನೇ ನೋಡುತ್ತಿದ್ದರು. ರಾಜಮಾಣಿಕ್ಯಂ ಒಣ ಪಂಚೆ ಸುತ್ತಿಕೊಂಡು ಬಂದು ತಮ್ಮ ಮೊಬೈಲು ಚಾಚಿದರು.

“ಮನೇಲಿ ಯಾರಾದ್ರೂ ಇದ್ದೇ ಇರ್ತಾರೆ ಅಮ್ಮಾ. ಫೋನ್ ಮಾಡಿ. ನಂಬರ್ ನೆನಪಿದ್ಯಾ?”

ನೆನಪಿತ್ತು. ನಮ್ಮ ಮನೆಯಲ್ಲಿ ಅಣ್ಣನ ನಂಬರು ಗಾಯತ್ರಿಯ ಹಾಗೆ ಎಲ್ಲರಿಗೂ ಬಾಯಿಪಾಠ. ಒತ್ತುತ್ತ ಹೋದೆ. ಕೊನೆಯ ಅಂಕಿಯ ಮೇಲೆ ಬೆರಳಿಟ್ಟಾಗ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಅಣ್ಣ ಬೈಯುವುದಿಲ್ಲ. ಈ ಊರಿನಲ್ಲೇ ಇರುವ ಯಾರೋ ಸ್ನೇಹಿತನನ್ನು ಮೊದಲು ಕಳಿಸುತ್ತಾನೆ. ಆಮೇಲೆ ಕಾರು ಬರುತ್ತದೆ. ಅತ್ತಿಗೆ ಮಡಿಸಿದ ಒಣ ಸೀರೆ, ಫ್ಲಾಸ್ಕಿನಲ್ಲಿ ಕಾಫಿ ತರುತ್ತಾಳೆ. ತಂಜಾವೂರು ದಾಟುವ ತನಕ ಯಾರೂ ಮಾತಾಡುವುದಿಲ್ಲ. ದಾಟಿದ ಮೇಲೆ ಅಣ್ಣ ಮೆಲ್ಲಗೆ ಗುನುಗತೊಡಗುತ್ತಾನೆ. ನಾನು ಸಾಯುವವರೆಗೂ ಆ ಗುನುಗು, ಆ ಹಿಂದಿನ ಸೀಟು.

ಮೊಬೈಲು ವಾಪಸು ಕೊಟ್ಟೆ. “ಸಿಗ್ನಲ್ ಇಲ್ಲ.”

“ಇದೇನ್ರೀ, ನಾಲ್ಕೂ ಕಡ್ಡಿ ಇದೆ!”

“ನನ್ನ ಕಡೆಯಿಂದ ಇಲ್ಲ,” ಎಂದು ಹೇಳಿ ಗಾಡಿಯ ಒದ್ದೆ ಜಾಡು ಹಿಡಿದು ಹೊರಟೆ.

ಜಾಡು ಗುಡಿಯ ಹಿಂದಿನ ಓಣಿಯ ತಗಡಿನ ಷೆಡ್ಡಿಗೆ ಹೋಯಿತು. ಷೆಡ್ಡು ಕಾಣುವ ಮೊದಲೇ ಅದರ ಗಾಳಿ ಬಂತು. ಒಳಗೆ ಆಳೆತ್ತರದ ಬಟ್ಟೆಯ ಗುಡ್ಡೆ, ಒದ್ದೆಯದು, ಬಿಸಿಲಿಗೆ ಒಳಗೊಳಗೇ ಬೇಯುತ್ತ ಹಬೆ ಬಿಡುತ್ತಿತ್ತು. ಬುಡದಿಂದ ಬೂದು ಬಣ್ಣದ ರಸ ಸೋರಿ ಮೋರಿಗೆ ಹೋಗುತ್ತಿತ್ತು. ಮೋರಿ ಎಲ್ಲಿಗೆ ಹೋಗುತ್ತದೆಂದು ನೋಡಿದೆ, ವಾಪಸು ಕೊಳಕ್ಕೇ. ಆಚೆ ಕಟ್ಟಿದ ಹಗ್ಗಗಳ ಮೇಲೆ ಒಗೆದ ಬಟ್ಟೆ ಒಣಗುತ್ತಿದ್ದವು. ಗುಡ್ಡೆಯ ಪಕ್ಕದಲ್ಲಿ, ಆ ವಾಸನೆಯ ನಡುವೆ, ಕಟ್ಟುಮಸ್ತಾದ ಹೆಂಗಸೊಬ್ಬಳು ಕೂತು ಎಲೆಯಲ್ಲಿ ಗುಡಿಯ ಪ್ರಸಾದದ ಎಳ್ಳಿನ ಅನ್ನ ತಿನ್ನುತ್ತಿದ್ದಳು. ಕೊಕ್ಕೆ ಗೋಡೆಗೆ ಒರಗಿತ್ತು. ಅವಳ ಹೆಸರು ಅಂಜಲೈ ಎಂದು ಆಮೇಲೆ ತಿಳಿಯಿತು.

“ನನ್ನ ಚೀಲ ತಗೊಂಡು ಬಂದಿದೀಯ.”

“ನಿಮ್ಮದು ಅನ್ನೋದು ಏನೂ ಇಲ್ಲ ಇಲ್ಲಿ,” ಎಂದಳು, ತುತ್ತು ನುಂಗಿ. “ಬಿಟ್ಟ ಮೇಲೆ ಗುತ್ತಿಗೆದಾರನದು.”

“ನಾನು ಬಿಟ್ಟಿಲ್ಲ. ಇಟ್ಟದ್ದು.”

“ಎಲ್ಲರೂ ಹಂಗೇ ಅಂತಾರೆ. ಹೋದ ವಾರ ಒಬ್ಬಳು ರೇಷ್ಮೆ ಸೀರೆ ಬಿಟ್ಟು, ಬಸ್‌ಸ್ಟ್ಯಾಂಡ್‌ವರೆಗೆ ಹೋಗಿ, ಹೊಟ್ಟೆ ಉರಿದು ವಾಪಸ್ ಬಂದ್ಲು. ಶನೀನೂ ಹೋಗಬೇಕು, ಸೀರೇನೂ ಬೇಕು! ಕೊಡಲಿಲ್ಲ ನಾನು. ಕೊಟ್ರೆ ಮನೆಗೆ ಹೋಗಿ ಕಾಲು ಮುರ್ಕೋತಾರೆ, ಆಮೇಲೆ ಅಂಜಲೈ ಕೈಯಿಂದ ಬಂತು ಶನಿ ಅಂತಾರೆ.”

“ನಾನು ಟೀಚರು ಕಣಮ್ಮ. ನನಗೆ ಶನಿಯ ಭಯ ಇಲ್ಲ.”

“ಟೀಚರಮ್ಮನಾ? ಅದಕ್ಕೇ.” ಏನಕ್ಕೆ ಎಂದು ಹೇಳಲಿಲ್ಲ. ಎಲೆ ಮಡಿಸಿ ಮೋರಿಗೆಸೆದು, ಗುಡ್ಡೆಯನ್ನು ಗಲ್ಲದಿಂದ ತೋರಿಸಿದಳು. “ಹುಡುಕ್ಕೊಳ್ಳಿ. ನಾನು ಕೈಯೆತ್ತಿ ಕೊಡಲ್ಲ, ನೀವೇ ತಗೊಂಡ್ರೆ ಪಾಪ ನಿಮ್ದು. ಇವತ್ತಿನದೆಲ್ಲ ಆ ಮಗ್ಗುಲಲ್ಲಿದೆ.”

ಹುಡುಕಿದೆ. ಕಪ್ಪೆಯನ್ನು ಸೀಳಿ ಒಳಗನ್ನು ತೋರಿಸುವುದು ನನ್ನ ಕಸುಬಾಗಿತ್ತು. ತೋಳು ಮೇಲೇರಿಸಿದೆ. ಮೊಳಕೈವರೆಗೆ ಕೈ ತೂರಿಸಿದರೆ ಒಳಗೆ ಬಿಸಿ. ಪರರ ಮೈಬಿಸಿಯ ಹಾಗೆ. ಜಿಗಟು ಬನೀನುಗಳು, ಎಲಾಸ್ಟಿಕ್ ಸಡಿಲವಾದ ಚಡ್ಡಿಗಳು, ಒಂದು ಮೊಣಕಾಲಿನ ಪಟ್ಟಿ, ಕೂದಲು ಸುತ್ತಿಕೊಂಡ ರವಿಕೆಯ ಕೊಕ್ಕೆ. ಒಂದು ಪಂಚೆಯ ಗಂಟಿನೊಳಗೆ ಸತ್ತ ಜಿಲೇಬಿ ಮೀನು. ಅಂಜಲೈ ಅಡಿಕೆ ಹಾಕಿಕೊಳ್ಳುತ್ತ ನಿರ್ದೇಶನ ಕೊಡುತ್ತಿದ್ದಳು.

“ಇನ್ನೂ ಕೆಳಗೆ. ಹೂಂ, ಅದಲ್ಲ, ಅದು ಯಾವನದೋ ಲಂಗೋಟಿ. ಬಿಡಿ ಅದನ್ನ, ಯಾಕೆ ಹಿಡ್ಕೊಂಡು ನೋಡ್ತೀರ?”

ಚೀಲ ಸಿಕ್ಕಿತು. ಯಾರದೋ ಎಣ್ಣೆಯ ಡಬ್ಬಿ ಅದರ ಮೇಲೆ ಕವುಚಿ, ಒಳಗಿನ ಎರಡೂ ಜೊತೆ ಬಟ್ಟೆ ಹಪ್ಪಳದ ಹಿಟ್ಟಿನ ಹಾಗೆ ಎಣ್ಣೆ ಕುಡಿದಿದ್ದವು. ಮೊಬೈಲು ಸತ್ತಿತ್ತು. ಪರ್ಸು ಜಾರಿ ಜಾರಿ ಕೈಯಿಂದ ಬೀಳುತ್ತಿತ್ತು.

ಹೊಸ ಬಟ್ಟೆ ಕೊಂಡರಾಯಿತು ಎಂದು ಓಣಿಯ ಬಾಯಿಗೆ ಬಂದರೆ, ಗುಡಿಯ ಬಾಗಿಲು ಮಧ್ಯಾಹ್ನಕ್ಕೆ ಮುಚ್ಚಿತ್ತು. ದೇವರು ಮಲಗಿದರೆ ಈ ಊರಿನಲ್ಲಿ ಅಂಗಡಿಯವರೂ ಮಲಗುತ್ತಾರೆ. ಬೀದಿಯುದ್ದಕ್ಕೂ ಷಟರು. ಮಂಟಪದ ಕಟ್ಟೆಯ ಗಂಡಸರು ಮಾತ್ರ ಎಚ್ಚರವಾಗಿದ್ದರು. ನಾನು ವಾಪಸು ಷೆಡ್ಡಿಗೆ ಬಂದೆ.

“ಹಿಂಗೆ ತೊಟ್ಟಿಕ್ಕೊಂಡು ಹೋದ್ರೆ ಕಂಡಕ್ಟರ್ ಹತ್ತಿಸಲ್ಲ ಟೀಚರಮ್ಮ,” ಎಂದಳು ಅಂಜಲೈ. “ಮನೆಯಿಂದ ಯಾರನ್ನಾದ್ರೂ ಕರೆಸಿ. ನನ್ನ ಫೋನ್ ಇದೆ.”

ಈ ಊರಿನಲ್ಲಿ ಎಲ್ಲರ ಫೋನೂ ನನ್ನ ಅಣ್ಣನಿಗಾಗಿಯೇ ಕಾದಿದ್ದವು.

“ಆ ಹಗ್ಗದ ಮೇಲಿರೋದು?” ಎಂದೆ.

ಅವಳ ಕಣ್ಣು ದೊಡ್ಡದಾಯಿತು. “ಅದು ಸಂತೆಗೆ ಹೋಗೋದು. ಒಗೆದಿದೀವಿ, ಆದ್ರೂ ಬಿಟ್ಟಿದ್ದೇ ಅಲ್ವಾ? ನಿಮ್ಮಂಥೋರು ಉಡ್ತಾರಾ?”

“ಯಾವುದರಲ್ಲಿ ಒಗೆದ್ರಿ?”

“ಕೊಳದಲ್ಲಿ. ಇನ್ನೆಲ್ಲಿ?”

ಹಗ್ಗದ ಮೇಲೆ ಸೀರೆಗಳಿರಲಿಲ್ಲ. ಅವು ಆಗಲೇ ಮೂಟೆ ಸೇರಿದ್ದವು. ಇದ್ದದ್ದು ಪಂಚೆಗಳು, ಮಕ್ಕಳ ಅಂಗಿಗಳು, ಮತ್ತು ಒಂದು ನೈಟಿ. ಕಡುಗುಲಾಬಿ ಬಣ್ಣ, ಮೇಲೆ ಕುಂಬಳಕಾಯಿ ಗಾತ್ರದ ಹಳದಿ ಹೂಗಳು, ಕತ್ತಿನ ಸುತ್ತ ಲೇಸು. ಹಾಲಿನವನು ಬಂದಾಗ ಬಾಗಿಲ ಸಂದಿಯಿಂದ ಪಾತ್ರೆ ಚಾಚುವ ಹೆಂಗಸರ ಬಟ್ಟೆ. ನಮ್ಮ ಮಹಡಿಯ ಮೆಟ್ಟಿಲಿನಿಂದ ಕೆಳಗೆ ನಾನು ಇಂಥದ್ದನ್ನು ತೊಟ್ಟು ಇಳಿದವಳಲ್ಲ. ಮೂಸಿದೆ. ಎಳ್ಳೆಣ್ಣೆ, ಬಿಸಿಲು, ಅದರಡಿಯಲ್ಲಿ ಗುರುತು ಸಿಗದ ಇನ್ನೊಬ್ಬಳ ಕಂಕುಳು.

“ಸುಮ್ನೆ ಕೊಟ್ರೆ ಗುತ್ತಿಗೆದಾರ ನನ್ನ ತಿಂದುಹಾಕ್ತಾನೆ,” ಎಂದಳು ಅಂಜಲೈ. “ನೀವು ಉಟ್ಟಿರೋದನ್ನ ಬಿಡಿ. ಇದು ತಗೊಳ್ಳಿ. ಸರಿಗೆ ಸರಿ. ನಿಮ್ಮ ಪರಿಹಾರಾನೂ ಆದಂಗಾಯ್ತು.”

ಬಟ್ಟೆಯ ಗುಡ್ಡೆಯ ಮರೆಯಲ್ಲಿ ನಿಂತು ಚೂಡಿದಾರ ಬಿಚ್ಚಿ ಅದರ ಮೇಲೆಸೆದೆ. ನೈಟಿ ತಲೆಯ ಮೇಲಿಂದ ಇಳಿಯುವಾಗ ಉಸಿರು ಬಿಗಿಹಿಡಿದಿದ್ದೆ; ಎಷ್ಟು ಹೊತ್ತೆಂದು ಹಿಡಿಯುವುದು, ಬಿಟ್ಟೆ. ಅಂಜಲೈ ಒಂದು ಟವೆಲ್ಲು ತಂದು ನನ್ನ ಹೆಗಲ ಮೇಲೆ ಹೊದಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

“ಟೀಚರಮ್ಮನ ಥರ ಕಾಣಲ್ಲ. ಮನುಷ್ಯರ ಥರ ಕಾಣ್ತೀರ.”

“ಥೂ,” ಎಂದೆ. ಅದು ಅವಳಿಗೋ ಟವೆಲ್ಲಿಗೋ ನನಗೇ ಸ್ಪಷ್ಟವಿರಲಿಲ್ಲ.

ಬಸ್ಸು ಆಗಲೇ ಅರ್ಧ ತುಂಬಿತ್ತು, ಎಲ್ಲ ಕೊಳದ ಕಡೆಯ ಜನವೇ. ನಾನು ಹತ್ತಿದೆ, ಗುಲಾಬಿ ನೈಟಿ, ಬೆನ್ನ ಮೇಲೆ ಎಣ್ಣೆ ಸೋರುವ ಚೀಲ. ರಾಜಮಾಣಿಕ್ಯಂ ಹೊಸ ಪಂಚೆಯಲ್ಲಿ ಮುಂದೆ ಕೂತಿದ್ದರು. ಅವರ ಅತ್ತೆ ನನ್ನನ್ನು ನೋಡಿದರು, ನೈಟಿ ನೋಡಿದರು, ಇನ್ನೊಮ್ಮೆ ನೈಟಿ ನೋಡಿದರು.

“ಅಯ್ಯಯ್ಯೋ, ಬಿಟ್ಟಿದ್ದನ್ನ ಹಾಕ್ಕೊಂಡು ಬಂದಿದಾಳೆ! ಯಾರ ಶನಿಯೋ ಏನೋ! ಏಳಿ ಅಳಿಯಂದ್ರೇ, ಮುಂದೆ ಹೋಗೋಣ!”

“ಇದಕ್ಕಿಂತ ಮುಂದೆ ಡ್ರೈವರ್ ಇದಾನೆ ಅತ್ತೆ.”

“ಅವನ ಪಕ್ಕ ಹೋಗೋಣ!”

ಮಾತು ಬಸ್ಸಿನ ತುಂಬ ಹಬ್ಬಿತು. ನಾನು ನಡೆದಂತೆ ಎರಡೂ ಕಡೆ ಮೊಣಕಾಲುಗಳು ಒಳಗೆ ಸರಿದವು. ಮೂವರು ಕೂರುವ ಸೀಟೊಂದರಿಂದ ಮೂವರೂ ಎದ್ದರು. ಅಣ್ಣನ ಕಾರಿನಲ್ಲೂ ನನಗೆ ಇಷ್ಟು ಜಾಗ ಸಿಕ್ಕಿದ್ದಿಲ್ಲ. ಅಲ್ಲಿ ಅತ್ತಿಗೆಯ ತಿಂಡಿಬುಟ್ಟಿ ಇರುತ್ತದೆ. ಕಿಟಕಿಯ ಬದಿಗೆ ಕೂತು, ಚೀಲವನ್ನು ಪಕ್ಕಕ್ಕಿಟ್ಟು, ಉಳಿದ ಜಾಗಕ್ಕೆ ಕಾಲು ಚಾಚಿದೆ.

ಕಂಡಕ್ಟರ್ ಒಂದು ಸೀಟು ಆಚೆಗೇ ನಿಂತ. ಈ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ, ಆದರೆ ಚೀಟಿ ಹರಿಯಲೇಬೇಕು.

“ಎಲ್ಲಿಗಮ್ಮ? ಮನೆಗಾ?”

“ಕೀಳ್‌ಪಾಂಬೂರಿಗೆ. ಕೇತುವಿನ ಗುಡಿಗೆ.”

“ಈ ವೇಷದಲ್ಲಾ?”

“ಕೇತುವಿಗೆ ತಲೇನೇ ಇಲ್ಲ. ಅವನೇನು ನೋಡ್ತಾನೆ?”

ಅವನು ತೋಳನ್ನು ಆದಷ್ಟೂ ಉದ್ದ ಮಾಡಿ ಚೀಟಿಯನ್ನು ನನ್ನ ಕಡೆ ಎಸೆದ. ಅದು ಸೀಟಿನ ಸಂದಿಗೆ ಬಿತ್ತು. ಬೆರಳು ಹಾಕಿ ತೆಗೆದರೆ ಜೊತೆಗೆ ಏನೋ ಬಂತು, ಮೆತ್ತಗೆ, ತಣ್ಣಗೆ, ಅಂಟಂಟಾಗಿ. ಯಾವ ವರ್ಗದ ಜೀವಿಯೆಂದು ನೋಡುವ ಆಸಕ್ತಿ ಉಳಿದಿರಲಿಲ್ಲ. ಬೆರಳನ್ನು ನೈಟಿಗೆ ಒರೆಸಿಕೊಂಡೆ. ಅದು ಹೇಗೂ ಬೇರೆಯವರದು.